ತಳದ ನೀರು ಏಳದ ವರ್ಷ

ನಮ್ಮ ಮನೆಗೆ ಬಂದವರು ಮೊದಲು ಮೂಗಿಗೆ ಸೆರಗು ಹಿಡಿಯುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ಬೆಟಗೇರಿಯ ನೇಕಾರರ ಓಣಿ ಮುಗಿದು ಹೊಲ ಶುರುವಾಗುವ ಕಡೆ ಇದ್ದ ಮಣ್ಣಿನ ಮಾಳಿಗೆಯ ಮನೆ ಅದು. ಮುಂದೆ ಒಂದು ಪಡಸಾಲೆ, ಹಿಂದೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ, ಮಾಳಿಗೆಯ ಬೆಳಕಿಂಡಿಯಿಂದ ಒಲೆಯ ಮುಂದೆ ಬಂದು ಬೀಳುವ ಒಂದು ತುಂಡು ಬಿಸಿಲು, ಹಿತ್ತಲಲ್ಲಿ ನೀರು ತುಂಬಿಡುವ ಉದ್ದನೆಯ ಕಲ್ಲುಬಾನಿ. ಪಡಸಾಲೆಯ ಅರ್ಧವನ್ನು ಒಣಮೀನಿನ ಚೀಲಗಳು ಹಿಡಿದಿದ್ದವು. ಉಳಿದ ಅರ್ಧದಲ್ಲಿ ನಾವು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಜಗಳಾಡುತ್ತಿದ್ದೆವು. ಅಪ್ಪ ಆ ಚೀಲಗಳನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮುಳಗುಂದದ ಸಂತೆಗಳಿಗೆ ಒಯ್ಯುತ್ತಿದ್ದ. ನನ್ನ ಪಾಟಿಗೂ ಮೀನಿನ ವಾಸನೆ ಹತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ 'ನಮ್ಮನಿ ಬೆಕ್ಕು ನಿನ್ನ ಕೇಳಾಕತ್ತಿತ್ತು' ಎನ್ನುತ್ತಿದ್ದಳು. ನನಗೆ ಮಾತ್ರ ಆ ವಾಸನೆ ತಿಳಿಯುತ್ತಲೇ ಇರಲಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೆ, ಒಂದು ದಿನ ತಿರುಗಿ ಬಂದು ಹೊಸ್ತಿಲಲ್ಲಿ ನಿಂತಾಗ, ಅದು ಮೊದಲ ಸಲ ಮೂಗಿಗೆ ಬಡಿಯಿತು. ಆಗ ನಾನು ಅತ್ತುಬಿಟ್ಟೆ.

ಆ ಮನೆಯಲ್ಲಿ ಎರಡು ನೀರುಗಳಿದ್ದವು. ಅಜ್ಜಿ, ಅಂದರೆ ಅಪ್ಪನ ತಾಯಿ, ಹೊಳೆಯವಳು. ಮುಂಡರಗಿಯ ಆಚೆ ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ, ಹರಿಗೋಲು ಹಾಕುವವನನ್ನು ಮದುವೆಯಾಗಿ, ಸೇತುವೆ ಬಂದು ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದ ಮೇಲೆ ಮಗನ ಹಿಂದೆ ಬೆಟಗೇರಿಗೆ ಬಂದವಳು. ಅವ್ವ ಕಡಲಿನವಳು. ಅಪ್ಪ ಒಣಮೆಣಸಿನಕಾಯಿ, ಜೋಳ ತುಂಬಿಕೊಂಡು ಕುಮಟೆಯ ಕಡೆಗೆ ಹೋಗಿ ಒಣಮೀನು ತರುವುದು ಶುರುಮಾಡಿದಾಗ, ಯಾರ ಅಂಗಳದಲ್ಲಿ ಮೀನು ಒಣಗುತ್ತಿತ್ತೋ ಅವರ ಮಗಳು. ಕುಲ ಒಂದೇ, ದೇವರೂ ಒಂದೇ, ನೀರು ಬೇರೆ. ಅಜ್ಜಿಗೆ ಕಡಲ ಮೀನೆಂದರೆ ಮಾರುವ ಮಾಲು, ಉಣ್ಣುವ ಮೀನಲ್ಲ. ಅವ್ವ ತಾರ್ಲೆ ಎಂಬ ಸಣ್ಣ ಕಡಲ ಮೀನನ್ನು ಕೆಂಡದ ಮೇಲೆ ಸುಟ್ಟು, ಬಳ್ಳೊಳ್ಳಿ, ಕೆಂಪು ಮೆಣಸಿನಕಾಯಿ ಹಾಕಿ ಕುಟ್ಟಿ ಚಟ್ನಿ ಮಾಡಿದರೆ ಅಜ್ಜಿ ರೊಟ್ಟಿಯನ್ನು ಒಂದು ಕಡೆ ಸರಿಸುತ್ತಿದ್ದಳು.

"ಹೊಳಿ ಮೀನ ತಿಂದ ಬಾಯಿ ಇದು. ಉಪ್ಪಿನ ಗಂಟ ತಿನ್ನಂದರ ಹೆಂಗ ತಿನ್ನಲಿ?"

"ಚಟ್ನಿ ಬ್ಯಾಡಂದರ ಪುಂಡಿಪಲ್ಯ ಐತಿ, ಅತ್ತಿ."

"ಪುಂಡಿಪಲ್ಯಾನೂ ಅದ ವಾಸನಿ ಹೊಡ್ಯಾಕತ್ತೈತಿ."

"ನೀವು ಮುಟ್ಟಿದ್ದಕ್ಕ ಇರಬೇಕು. ಈಗರ ಚೀಲದ ಮ್ಯಾಲೆ ಕುಂತು ಎದ್ದೀರಿ."

ಅಪ್ಪ ತಲೆ ಬಗ್ಗಿಸಿ ಉಣ್ಣುತ್ತಲೇ ನಗುತ್ತಿದ್ದ. ಅವ್ವ ಎದ್ದು ಒಳಗೆ ಹೋದ ಮೇಲೆ ಅಜ್ಜಿ ನನ್ನ ತಾಟಿನಿಂದ ಒಂದು ಚಿಟಿಕೆ ಚಟ್ನಿ ತೆಗೆದು ರೊಟ್ಟಿಯೊಳಗೆ ಮಡಚಿಕೊಳ್ಳುತ್ತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಿರುತ್ತಿತ್ತು. ಇಂಥ ಜಗಳಗಳಿಂದ ಆ ಮನೆಗೆ ಏನೂ ಆಗುತ್ತಿರಲಿಲ್ಲ. ಮನೆ ಮುರಿಯುವ ಜಗಳ ಬೇರೆ ಇರುತ್ತದೆ, ಅದು ಸಣ್ಣ ದನಿಯಲ್ಲಿ ಬರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು.

ಕಡಲು ಎಂದರೆ ಏನು ಎಂದು ನಾನು ಅವ್ವನನ್ನು ಕೇಳಿದ್ದು ಒಂದು ಬೇಸಿಗೆಯ ಮಧ್ಯಾಹ್ನ. ಅವಳು ಬಾನಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ನೀರು ಬಿಸಿಲಿಗೆ ಕಾದಿತ್ತು. ಅವಳು ನನ್ನ ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸಿದಳು. ಮೇಲೆ ಬೆಚ್ಚಗಿತ್ತು, ಬೆರಳ ತುದಿಗೆ ತಣ್ಣಗಿತ್ತು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಬಾನಿಯ ಒಂದು ಗೋಡೆಗೆ ಆನಿಸಿ, ಮೇಲಿನ ನೀರನ್ನಷ್ಟೇ ಮೆಲ್ಲಗೆ ಆಚೆಗೆ ತಳ್ಳಿದಳು. ಮತ್ತೆ ತಳ್ಳಿದಳು. ಸ್ವಲ್ಪ ಹೊತ್ತಿಗೆ ಆ ಗೋಡೆಯ ಗುಂಟ ತಳದ ರಾಡಿ ಮೋಡದ ಹಾಗೆ ಏಳತೊಡಗಿತು. ಅಲ್ಲಿ ಕೈಯಿಟ್ಟರೆ ತಣ್ಣಗಿತ್ತು.

"ಈ ಗ್ವಾಡಿ ನಮ್ಮೂರ ದಂಡಿ ಅಂತ ತಿಳಕೋ. ನನ್ನ ಕೈ ಗಾಳಿ. ಮಳಿಗಾಲದಾಗ ದಂಡಿಗುಂಟ ಗಾಳಿ ಬೀಸತೈತಿ. ಮ್ಯಾಲಿನ ನೀರ ದೂರ ಹೊಕ್ಕೈತಿ, ತಳದ ನೀರ ಏಳತೈತಿ. ಆ ತಣ್ಣೀರಾಗ ಕಡಲಿನ ಗೊಬ್ಬರೆಲ್ಲಾ ಇರತೈತಿ. ಬಿಸಲ ಬಿದ್ದ ಕೂಡಲೇ ನೀರ ಹಸರ ಆಕ್ಕೈತಿ. ಹಸರ ತಿನ್ನಾಕ ತಾರ್ಲಿ ಬರತಾವ."

"ಗಾಳಿ ಬರಲಿಲ್ಲಂದರ?"

"ಬರತೈತಿ ತಗೋ. ಪಾತ್ರಿ ಆ ಕಡೆ ಇಡು."

ನಾನು ಮುಂದೆ ಶಾಲೆಯಲ್ಲಿ ಭೂಗೋಳ ಕಲಿಸುವವಳಾದೆ. ಸಾಗರದ ತಳದ ನೀರು ದಂಡೆಯಲ್ಲಿ ಮೇಲೇಳುವುದನ್ನು ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸಿರುತ್ತಾರೆ. ಎಲ್ಲೋ ದೂರದ ಸಾಗರ ಬಿಸಿಯಾದ ವರ್ಷ ಇಲ್ಲಿಯ ಗಾಳಿ ಸೋಲುವುದುಂಟು, ಆಗ ಮೇಲಿನ ಬಿಸಿನೀರು ದಂಡೆಯನ್ನು ಬಿಟ್ಟು ಕದಲುವುದಿಲ್ಲ, ತಳದ ನೀರು ಅಲ್ಲೇ ಉಳಿಯುತ್ತದೆ ಎಂಬುದನ್ನು ನಾನೂ ಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಬರೆಯುವಾಗ ಕೈ ಮೊಣಕೈವರೆಗೆ ತಣ್ಣಗಾದ ಹಾಗೆ ಅನ್ನಿಸುತ್ತಿತ್ತು.

ಗಣಪು ಮಾವ ಅವ್ವನ ತಮ್ಮ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವ್ವನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅವನು ಊರಿನವರ ಜೊತೆ ಸೇರಿ ರಂಪಣಿ ಎಳೆಯುತ್ತಿದ್ದ. ಅದು ದಂಡೆಯಿಂದಲೇ ನೂರಾರು ಕೈ ಸೇರಿ ಎಳೆಯುವ ದೊಡ್ಡ ಬಲೆ. ಬಂದ ಮೀನನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ತನ್ನ ಪಾಲನ್ನು ಅಂಗಳದಲ್ಲಿ ಒಣಗಿಸಿ, ದಸರೆ ಕಳೆದು ದೀಪಾವಳಿಗೆ ಮುಂಚೆ ವರ್ಷದ ಮೊದಲ ಚೀಲವನ್ನು ತಾನೇ ಹೊತ್ತು ತರುತ್ತಿದ್ದ. ಆ ಚೀಲ ಮಾರಾಟಕ್ಕಲ್ಲ, ಅದು ತವರಿನದು. ಹೊಸ್ತಿಲ ಮೇಲೆಯೇ ಅದರ ಬಾಯಿ ಬಿಚ್ಚಬೇಕು. ಅವ್ವ ಒಂದು ತಾರ್ಲೆಯನ್ನು ತೆಗೆದು ಹೊಟ್ಟೆಯ ಹತ್ತಿರ ಮುರಿಯುತ್ತಿದ್ದಳು. ಒಣಗಿದ್ದರೂ ಒಳಗೆ ಹಳದಿ ಜಿಡ್ಡು ಇರುತ್ತಿತ್ತು. ಅದನ್ನು ಹೆಬ್ಬೆರಳಿಗೆ ಒತ್ತಿಕೊಂಡು ಬಾಗಿಲ ಚೌಕಟ್ಟಿನ ಒಳಮೈಗೆ ಒಂದು ಗುರುತು ಒತ್ತುತ್ತಿದ್ದಳು. ಅವಳು ಮದುವೆಯಾಗಿ ಬಂದ ವರ್ಷದ್ದು ಕೆಳಗೆ, ಅದರ ಮೇಲೆ ಮುಂದಿನ ವರ್ಷದ್ದು, ಹೀಗೆ ನನ್ನ ತಲೆಗಿಂತ ಎತ್ತರಕ್ಕೆ ಗುರುತುಗಳು ಏರಿದ್ದವು. ಕೊಬ್ಬಿದ ಮೀನು ಬಂದ ವರ್ಷದ್ದು ಕಪ್ಪಗೆ, ಸಾಧಾರಣ ವರ್ಷದ್ದು ಕಂದು. ಗುರುತು ಒತ್ತಿದ ಮೇಲೆ ಮಾವ ಅದೇ ಚೀಲದ ಮೀನಿನ ಚಟ್ನಿಯಲ್ಲಿ ರೊಟ್ಟಿ ಉಣ್ಣಬೇಕು. ಅಜ್ಜಿ ತಾನೇ ಬಡಿಸಬೇಕು. ಹೊರಡುವಾಗ ಅವನ ಹೆಂಡತಿಗೆ ಬೆಟಗೇರಿಯ ಒಂದು ಸೀರೆ, ಒಂದು ಚೀಲ ಮೆಣಸಿನಕಾಯಿ. ಉಣ್ಣದೆ ಅವನು ಹೊಸ್ತಿಲು ದಾಟುವ ಹಾಗಿರಲಿಲ್ಲ.

ಆ ವರ್ಷ ನಮ್ಮ ಕಡೆ ಮುಂಗಾರು ಹನಿಯಲಿಲ್ಲ. ಜನ ಆಕಾಶ ನೋಡಿ ಸಾಕಾಗಿ ಬಿಟ್ಟ ಮೇಲೆ ಹಿಂಗಾರು ಸುರಿಯಿತು. ಮಾಳಿಗೆ ಸೋರಿ, ಚೀಲಗಳನ್ನು ಅಡುಗೆಮನೆಗೆ ಸರಿಸಿದೆವು. ಮುಂಡರಗಿಯ ಸಂತೆಗೆ ಹೋಗಿ ಬಂದ ಅಪ್ಪ, ತುಂಗಭದ್ರೆ ದಂಡೆ ಮೀರಿದ್ದಾಳೆ ಎಂದ. ಅಜ್ಜಿಯ ಮುಖದಲ್ಲಿ ಹಳೆಯ ಗೆಲುವು ಬಂತು. ಹೊಳೆಯವರ ಲೆಕ್ಕ ಸರಳ: ಹೊಸ ನೀರು ಬಂದರೆ ಅದರ ಹಿಂದೆಯೇ ಮೀನು ಬರುತ್ತದೆ. ಹುಟ್ಟಿದಾಗಿನಿಂದ ಅವಳು ಕಂಡದ್ದೂ ಅದನ್ನೇ. ಮಳೆಯ ನೀರು ಕಡೆಗೆ ಸೇರುವುದು ಕಡಲಿಗೇ ಅಲ್ಲವೇ?

"ಹೊಳ್ಯಾಗ ಇಷ್ಟು ನೀರ ಬಂದೈತಿ ಅಂದರ ಕಡಲಾಗ ಮೀನ ಹಿಡಿಯಾಕ ಬಲಿ ಸಾಲೂದಿಲ್ಲ. ಗಣಪು ಎರಡ ಚೀಲ ತರತಾನ ನೋಡು."

ಅವ್ವ ಹಿಟ್ಟು ನಾದುತ್ತ ಇದ್ದಳು. ಮಳೆಗೂ ಕಡಲ ಮೀನಿಗೂ ಹಾಗೆ ನೇರ ನಂಟಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ತಿದ್ದಲು ಹೋಗಲಿಲ್ಲ. ಅತ್ತೆ ಖುಷಿಯಾಗಿರುವುದು ಅಪರೂಪವಾಗಿತ್ತು.

ಮಾವ ಬಂದದ್ದು ದೀಪಾವಳಿ ಮುಗಿದ ಮೇಲೆ. ಮಧ್ಯಾಹ್ನದ ಹೊತ್ತು, ಅಪ್ಪ ಮನೆಯಲ್ಲೇ ಇದ್ದ. ಮಾವನ ಹೆಗಲ ಮೇಲಿದ್ದದ್ದು ಅರ್ಧ ಚೀಲ. ಉಳಿದ ಅರ್ಧ ಜೋತು ಬಿದ್ದು ಅವನ ಬೆನ್ನಿಗೆ ಬಡಿಯುತ್ತಿತ್ತು. ಹೊಸ್ತಿಲ ಮೇಲೆ ಚೀಲ ಬಿಚ್ಚಿದರು. ಮೀನು ಒಣಗಿದ ಬೇವಿನೆಲೆಯ ಹಾಗೆ ತೆಳ್ಳಗಿದ್ದವು. ಅವ್ವ ಒಂದನ್ನು ಮುರಿದಳು. ಚಟ್ ಎಂದಿತು. ಹೆಬ್ಬೆರಳಿಗೆ ಒತ್ತಿ, ಚೌಕಟ್ಟಿಗೆ ಒತ್ತಿದಳು. ಬೆರಳು ತೆಗೆದಾಗ ಅಲ್ಲಿ ಏನೂ ಇರಲಿಲ್ಲ. ಇನ್ನೊಂದನ್ನು ಮುರಿದು ಒತ್ತಿದಳು. ನಾವೆಲ್ಲರೂ ಆ ಬರಿಯ ಕಟ್ಟಿಗೆಯನ್ನೇ ನೋಡುತ್ತಿದ್ದೆವು.

"ಈ ಸಲ ಗಾಳಿ ಬೀಸ್ಲೇ ಇಲ್ಲ, ಅಕ್ಕಾ," ಎಂದ ಮಾವ. "ಆಷಾಢದಲ್ಲಿ ನೀರಿಗೆ ಇಳಿದ್ರೆ ಹಂಡೆ ನೀರಿನ ಹಾಂಗೆ ಬೆಚ್ಚಗೆ. ತಳದ ನೀರು ಏಳ್ಲಿಲ್ಲ. ಹಸಿರು ಕಟ್ಟಲಿಲ್ಲ. ರಂಪಣಿ ಎಳೆದ್ರೆ ಬರೀ ಲೋಳೆ ಮೀನು, ಮುಟ್ಟಿದ್ರೆ ಕೈಯೆಲ್ಲ ಉರಿ. ಇದು ಊರವ್ರೆಲ್ಲ ಸೇರಿ ಹಿಡಿದದ್ರಲ್ಲಿ ನನ್ನ ಪಾಲು. ಪೂರಾ ಇಲ್ಲೇ ತಂದೆ."

ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ದನಿ ಏರಲಿಲ್ಲ.

"ಹೊಳಿ ದಂಡಿ ಮೀರಿ ಹರದೈತಿ. ಕಡಲಾಗ ಮೀನಿಲ್ಲಂತ. ಯಾರ ಮುಂದ ಹೇಳ್ತಿ ಇದನ್ನ? ನೀರಾಗ ಹುಟ್ಟಿ ಬೆಳದಾಕಿ ಮುಂದ?"

"ಮಳೆ ಅಲ್ಲ ಅತ್ತೆ, ಗಾಳಿ."

"ಗಾಳಿ ಮೀನ ಹಡೀತೈತೇನು? ಚಲೋ ಮೀನ ಎಣ್ಣಿ ತಗಿಯೋ ಕಾರ್ಖಾನಿಗೆ ಹೋಗ್ಯಾವು, ಕಸ ಅಕ್ಕನ ಮನಿಗೆ ಬಂದೈತಿ. ಹಿಂಗಂದರ ನನಗ ತಿಳಿತೈತಿ. ಹೇಳಬಾರದ?"

ಮಾವ ಅಪ್ಪನ ಕಡೆ ನೋಡಿದ. ಇಷ್ಟು ವರ್ಷ ಜೊತೆಗೆ ವ್ಯಾಪಾರ ಮಾಡಿದ ಭಾವ. ಅಪ್ಪ ಆಗ ಒಂದು ಮಾತು ಹೇಳಿ ನಕ್ಕಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಕೆಟ್ಟವನಲ್ಲ, ನಿಧಾನದವನು. ಅವನೂ ಹೊಳೆಯ ದಂಡೆಯಲ್ಲಿ ಬೆಳೆದವನು. ನೀರು ತುಂಬಿಯೂ ಮೀನಿಲ್ಲ ಎಂಬುದು ಅವನಿಗೂ ಹೊಂದಲಿಲ್ಲ.

"ಖರೆ ಹೇಳು ಗಣಪು. ಅಡಚಣಿ ಇದ್ದರ ಯಾರಿಗೂ ಇರತೈತಿ. ಬ್ಯಾರೆ ಕಡೆ ಕೊಟ್ಟಿಯೇನು?"

"ನಾ ಎಂತಕ್ಕೆ ಸುಳ್ಳು ಹೇಳ್ಲಿ, ಭಾವಾ?"

ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ಅವ್ವ ಎದ್ದು ನಿಂತಳು.

"ನನ್ನ ತಮ್ಮ ಸುಳ್ಳ ಹೇಳೂದಿಲ್ಲ, ಅತ್ತಿ."

ಅಷ್ಟೇ ಹೇಳಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಉಣ್ಣದೆ ಅವನು ಹೋಗುವ ಹಾಗಿಲ್ಲವಲ್ಲ, ಉಂಡರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು ಎಂದು ಕಾಣುತ್ತದೆ. ರೊಟ್ಟಿ ಬಡಿಯುವ ಸದ್ದು ಬಹಳ ಜೋರಾಗಿತ್ತು. ತಾರ್ಲೆ ಸುಟ್ಟಳು, ಚಟ್ನಿ ಕುಟ್ಟಿದಳು, ತಾಟಿಗೆ ಹಾಕಿ ತಂದಳು. ಬಡಿಸಬೇಕಾದ ಅಜ್ಜಿ ಕಂಬದ ಹತ್ತಿರದಿಂದ ಏಳಲಿಲ್ಲ. ಮಾವ ಸ್ವಲ್ಪ ಹೊತ್ತು ಕಾದ. ಆಮೇಲೆ ಬಗ್ಗಿ ನನ್ನ ತಲೆ ಮುಟ್ಟಿ, ಚಪ್ಪಲಿ ಮೆಟ್ಟಿ ಹೊರಟ. ಅಪ್ಪ ಸೀರೆಯನ್ನು ಅವನ ಕೈಗೆ ಕೊಡಲು ಹೋದ. ಅವನು ಅದನ್ನು ತೆಗೆದುಕೊಂಡು, ಮಡಿಕೆ ಸರಿಮಾಡಿ, ಹೊಸ್ತಿಲ ಮೇಲೆ ಇಟ್ಟ. ಅವ್ವ ತಾಟು ಹಿಡಿದು ಓಣಿಯ ತುದಿಯವರೆಗೆ ಹೋದಳು. ತಿರುಗಿ ಬಂದಾಗಲೂ ತಾಟಿನಲ್ಲಿ ರೊಟ್ಟಿ ಮಡಚಿದ ಹಾಗೆಯೇ ಇತ್ತು. ಆ ಸಂಜೆ ನಾವು ಉಂಡೆವೋ ಇಲ್ಲವೋ ನನಗೆ ನೆನಪಿಲ್ಲ. ಆ ರೊಟ್ಟಿ ಏನಾಯಿತು ಎಂಬುದೂ ನೆನಪಿಲ್ಲ. ಇವೆರಡನ್ನು ನೆನಪಿಸಿಕೊಳ್ಳಲು ನಾನು ಬಹಳ ಸಲ ಪ್ರಯತ್ನಪಟ್ಟಿದ್ದೇನೆ.

ಮುಂದಿನ ವರ್ಷ ಮಾವ ಬರಲಿಲ್ಲ. ದಸರೆಯಿಂದ ಅವ್ವ ಮುಂಬಾಗಿಲನ್ನು ತೆರೆದೇ ಇಡುತ್ತಿದ್ದಳು. ನೆರೆಯ ನಾಯಿಗಳು ಚೀಲಕ್ಕೆ ಬಾಯಿ ಹಾಕುತ್ತವೆ ಎಂದು ಅಪ್ಪ ಮುಚ್ಚಿದರೆ, ಹಿಂದೆಯೇ ಹೋಗಿ ತೆರೆಯುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಅಪ್ಪ ತಾನೇ ಹೊರಟ. ಹೋಗುವಾಗ ಆ ಸೀರೆಯನ್ನು ಚೀಲದೊಳಗೆ ಇಟ್ಟುಕೊಂಡಿದ್ದ. ತಿರುಗಿ ಬಂದವನು ಕಾಲು ತೊಳೆಯದೆ ಹೊಸ್ತಿಲ ಮೇಲೆಯೇ ಕೂತ. ಮಾವನ ಮನೆಗೆ ಬೀಗ ಬಿದ್ದಿತ್ತು. ಮೀನು ಒಣಗಿಸುವ ಅಂಗಳದ ಮೇಲೆ ಮರಳಿನ ಬಳ್ಳಿ ಹಬ್ಬಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಮಾವ ದೊಡ್ಡ ಬೋಟಿನಲ್ಲಿ ದುಡಿಯಲು ಬಡಗಣ ಕಡಲಿಗೆ, ಗುಜರಾತಿನ ಕಡೆಗೆ ಹೋಗಿದ್ದ. ಅಪ್ಪ ಆ ದಂಡೆಯಲ್ಲಿ ಮನೆಯಿಂದ ಮನೆಗೆ ಹೋಗಿ ವಿಚಾರಿಸಿದ್ದ. ಎಲ್ಲರೂ ಹೇಳಿದ್ದು ಒಂದೇ. ಹೋದ ವರ್ಷ ಗಾಳಿ ಬೀಸಲಿಲ್ಲ, ತಾರ್ಲೆ ಬರಲಿಲ್ಲ, ಎಣ್ಣೆ ಕಾರ್ಖಾನೆಯ ಒಲೆಯೂ ಹೊತ್ತಿರಲಿಲ್ಲ.

"ಅಂವ ಹೇಳಿದ್ದು ಖರೆ ಇತ್ತು, ಯವ್ವಾ," ಎಂದ ಅಪ್ಪ ಅಜ್ಜಿಗೆ. "ತನ್ನ ಪಾಲು ಪೂರಾ ನಮಗ ತಂದಿದ್ದ. ಮನಿಯಾಗ ಚಟ್ನಿಗೂ ಇಟ್ಟಕೊಂಡಿರಲಿಲ್ಲ."

ಅವ್ವ ಒಳಗಿನಿಂದ ಒಂದು ಚೊಂಬು ನೀರು ತಂದು ಅಪ್ಪನ ಕಾಲ ಹತ್ತಿರ ಇಟ್ಟಳು. ಸೀರೆ ಮತ್ತೆ ಟ್ರಂಕಿಗೆ ಹೋಯಿತು.

ಮಾವನ ಖಬರ ಒಂದೇ ಸಲ ಬಂತು. ಅವನ ಜೊತೆ ಹೋಗಿ ಬೇರೆ ಬೋಟಿನಲ್ಲಿ ದುಡಿಯುತ್ತಿದ್ದ ಊರಿನವನೊಬ್ಬ ಅಪ್ಪನನ್ನು ಹುಡುಕಿಕೊಂಡು ಲಕ್ಷ್ಮೇಶ್ವರದ ಸಂತೆಗೇ ಬಂದ. ಗಾಳಿಯ ಕಾಲವಲ್ಲದ ಕಾಲದಲ್ಲಿ ಎದ್ದ ಒಂದು ಬಿರುಗಾಳಿಗೆ ಮಾವನ ಬೋಟು ಸಿಕ್ಕಿತ್ತು. ಹಲಗೆಗಳು ದಂಡೆಗೆ ಬಂದವು, ಜನ ಬರಲಿಲ್ಲ. ಅಪ್ಪ ಸಂತೆಯಲ್ಲಿ ಮೀನನ್ನು ಹಾಸಿದ ಹಾಗೇ ಬಿಟ್ಟು ಮನೆಗೆ ಬಂದ. ಅವ್ವ ಕೇಳಿಸಿಕೊಂಡಳು. ಅತ್ತದ್ದು ನಾನು ನೋಡಲಿಲ್ಲ. ಅವಳು ಹಿತ್ತಲಿಗೆ ಹೋಗಿ ಬಾನಿಯ ನೀರನ್ನೆಲ್ಲ ಹೊರಗೆ ಚೆಲ್ಲಿ, ತಳವನ್ನು ತಿಕ್ಕಿ ತೊಳೆದು, ಮತ್ತೆ ಕೊಡ ಕೊಡವಾಗಿ ತುಂಬಿಸಿದಳು. ನಾನು ಕೊಡ ಹೊರಲು ಹೋದರೆ ಬಿಡಲಿಲ್ಲ.

ಗಾಳಿ ಮತ್ತೆ ಬೀಸಿತು. ಕಡಲು ಯಾರ ಮೇಲೂ ಸಿಟ್ಟಿಟ್ಟುಕೊಳ್ಳುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅಪ್ಪ ಬೇರೆಯವರ ಅಂಗಳದಿಂದ ತಂದ ತಾರ್ಲೆ ಎಷ್ಟು ಕೊಬ್ಬಿದ್ದವೆಂದರೆ ಚೀಲದ ಹೊರಗೂ ಜಿಡ್ಡು ಒಸರಿತ್ತು. ಅಪ್ಪ ಆ ಚೀಲವನ್ನು ಹೊಸ್ತಿಲ ಮೇಲಿಟ್ಟು ಅವ್ವನ ಮುಖ ನೋಡಿದ. ಅವಳು ಚೀಲದ ಬಾಯಿ ಬಿಚ್ಚಿ, ಮೀನನ್ನು ಮೊರದಲ್ಲಿ ಕೇರಿ, ಮುರುಕು ಬೇರೆ ಮಾಡಿ, ಚೀಲವನ್ನು ಗೋಡೆಗೆ ಆನಿಸಿದಳು. ಚೌಕಟ್ಟಿನ ಕಡೆ ನೋಡಲೂ ಇಲ್ಲ. ಅಂದಿನಿಂದ ಆ ಮನೆಯಲ್ಲಿ ಅತ್ತೆ ಸೊಸೆ ಜಗಳಾಡಲಿಲ್ಲ. ಚಟ್ನಿಯಲ್ಲಿ ಕೊಂಕು ತೆಗೆಯುವವರಿಲ್ಲ, ಅದಕ್ಕೆ ತಿರುಗಿ ಮಾತು ಕೊಡುವವರಿಲ್ಲ. ನನಗೆ ಆ ಶಾಂತಿಯಷ್ಟು ಭಾರವಾದದ್ದು ಬೇರೆ ಇರಲಿಲ್ಲ.

ಆದರೆ ಅಜ್ಜಿಯಲ್ಲಿ ಒಂದು ಬದಲಾವಣೆ ಬಂತು. ರೋಹಿಣಿ ಮಳೆಯ ಸುಮಾರಿಗೆ ಬೆಟಗೇರಿಯ ಜನವೆಲ್ಲ ಮೋಡ ನೋಡುತ್ತಿದ್ದರೆ, ಇವಳು ಅಪ್ಪ ಸಂತೆಯಿಂದ ಬಂದ ಕೂಡಲೇ ಕೇಳುತ್ತಿದ್ದಳು:

"ಅಲ್ಲೆ ಗಾಳಿ ಬಿಟ್ಟೈತೇನು?"

ಅಲ್ಲಿ ಎಂದರೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅಪ್ಪ ಯಾರಾದರೂ ಲಾರಿಯವರನ್ನು ವಿಚಾರಿಸಿಕೊಂಡು ಬಂದು 'ಬಿಟ್ಟೈತಂತ' ಎಂದರೆ ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಹೊಳೆಯ ಸುದ್ದಿಯನ್ನು ಅವಳು ಸಾಯುವವರೆಗೆ ಮತ್ತೆ ಕೇಳಲಿಲ್ಲ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದೆ. ಮನೆಯಲ್ಲಿ ಸದ್ದಿರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರೆ ಅಜ್ಜಿ ಬಾನಿಯ ಮೇಲೆ ಬಗ್ಗಿದ್ದಳು. ಎರಡೂ ಅಂಗೈಗಳನ್ನು ಗೋಡೆಗೆ ಆನಿಸಿ, ಮೇಲಿನ ನೀರನ್ನಷ್ಟೇ ಮೆಲ್ಲಗೆ ಆಚೆಗೆ ತಳ್ಳುತ್ತಿದ್ದಳು. ಅವ್ವ ನನಗೆ ತೋರಿಸಿದ್ದನ್ನು ಅವಳು ಯಾವಾಗ ನೋಡಿದ್ದಳೋ. ತಳ್ಳಿ, ನಿಲ್ಲಿಸಿ, ಬೆರಳು ಇಳಿಸಿ ನೋಡಿ, ಮತ್ತೆ ತಳ್ಳಿದಳು. ರಾಡಿ ಎದ್ದಿತು. ಅವಳು ತನ್ನ ಒದ್ದೆ ಕೈಯನ್ನು ಬಹಳ ಹೊತ್ತು ನೀರಿನಲ್ಲೇ ಬಿಟ್ಟುಕೊಂಡಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ಅವ್ವ ನಿಂತಿದ್ದಳು. ಅವಳೂ ನೋಡುತ್ತಿದ್ದಳು, ಆದರೆ ಹೊರಗೆ ಬರಲಿಲ್ಲ.

ನಾನು ಏನಾದರೂ ಆಗಿದ್ದರೆ, ಮಾವ ಉಣ್ಣದೆ ಹೋದ ದಿನ ಮತ್ತು ಅಜ್ಜಿ ಬಾನಿಯ ಮೇಲೆ ಬಗ್ಗಿದ ದಿನ, ಆ ಎರಡು ದಿನಗಳ ನಡುವೆ ಆದವಳು. ತರಗತಿಯಲ್ಲಿ ಮಗು ಬಂದು ನಂಬಲಾಗದ ಕಾರಣ ಹೇಳಿದರೆ, ಇನ್ನೊಮ್ಮೆ ಹೇಳು ಎನ್ನುತ್ತೇನೆ. ಸುಳ್ಳು ಎಂಬ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. ಇದನ್ನು ಕೆಲವರು ದಡ್ಡತನ ಎಂದಿದ್ದಾರೆ, ಇರಬಹುದು.

ಅಜ್ಜಿ, ಅಪ್ಪ ಇಬ್ಬರೂ ಈಗಿಲ್ಲ. ಬೆಟಗೇರಿಯ ಮನೆಯನ್ನು ಬಿಚ್ಚುವಾಗ ಆ ಚೌಕಟ್ಟಿನ ಗುರುತುಗಳಿದ್ದ ಕಂಬವನ್ನು ತಂದು ಮುಂಡರಗಿಯ ನನ್ನ ಮನೆಯ ಅಡುಗೆಮನೆ ಬಾಗಿಲಿಗೆ ಹಾಕಿಸಿದೆ. ಬಡಿಗ ಅದನ್ನು ಉಜ್ಜಿ ಪಾಲಿಶ್ ಮಾಡುತ್ತೇನೆ ಎಂದ, ನಾನು ಬೇಡವೆಂದೆ. ಅವ್ವ ನನ್ನ ಜೊತೆಗೇ ಇದ್ದಾಳೆ. ಬೆಳಗ್ಗೆ ಆ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಾಳೆ, ಬೆನ್ನು ಆ ಕಂಬಕ್ಕೆ. ಮೊನ್ನೆ ಟಿವಿಯಲ್ಲಿ ಭೂಪಟ ತೋರಿಸಿ ಹೇಳುತ್ತಿದ್ದರು: ದೂರದ ಸಾಗರ ಕಾದಿದೆ, ಈ ವರ್ಷ ಎಲ್ ನಿನೋ ಬರಬಹುದು, ಮಳೆ ಎಷ್ಟು ಕಡಿಮೆಯಾದೀತು, ಬೆಳೆಗೆ ಏನಾದೀತು. ದಂಡೆಯ ನೀರಿನ ಮಾತು ಅದರಲ್ಲಿ ಬರಲಿಲ್ಲ. ಅವ್ವ ಸೊಪ್ಪು ಬಿಟ್ಟು ಆ ಕೆಂಪು ಬಣ್ಣದ ಕಡಲನ್ನೇ ನೋಡುತ್ತಿದ್ದಳು.

"ಗಾಳಿ ಬೀಸೂದಿಲ್ಲಂತೇನು?"

"ಸೋಲಬಹುದು, ಅವ್ವಾ. ಖರೆ ಹೇಳಾಕ ಬರೂದಿಲ್ಲ."

ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

"ಪಾಪ. ಯಾವ ಮನಿ ಹೊಸ್ತಿಲದಾಗ ಯಾರನ್ನ ನಿಂದ್ರಿಸಿ ಸುಳ್ಳ ಅಂತಾರೋ ಏನೋ."

ನಾನು ಟಿವಿ ಆರಿಸಿದೆ. ಅವ್ವ ಹಿಂದಿನ ಕಂಬವನ್ನು ನೋಡದೆಯೇ ಕೈ ಚಾಚಿ, ಕೊನೆಯ ಗುರುತಿನ ಮೇಲುಗಡೆ, ಆ ವರ್ಷ ಏನೂ ಮೂಡದ ಬರಿಯ ಕಟ್ಟಿಗೆಯನ್ನು ಒಮ್ಮೆ ಮುಟ್ಟಿದಳು. ಆಮೇಲೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅದಕ್ಕೆ ಏನೂ ಹತ್ತಿರಲಿಲ್ಲ.